ಕೀಬೋರ್ಡ್ ಮುಚ್ಚಿಟ್ಟ ತಪಸ್ಸುಕಾಲ

2024ರ ಶುಭ ಶುಕ್ರವಾರ (ಗುಡ್ ಫ್ರೈಡೇ), ಮಾರ್ಚ್ 29. ಮಧ್ಯಾಹ್ನದ ಆರಾಧನೆ ಮುಗಿದಿತ್ತು. ನಾವು ಗಾನವೃಂದದವರು ಪುಸ್ತಕ ಎತ್ತಿಟ್ಟು, ಮೈಕಿನ ವೈರ್ ಸುತ್ತುತ್ತಿದ್ದೆವು. ಮಡಿದ ಯೇಸುಸ್ವಾಮಿಯ ಸ್ವರೂಪವನ್ನು ಪೀಠದ ಮುಂದೆ ಮಲಗಿಸಿದ್ದರು. ಜನ ಸಾಲಾಗಿ ಬಂದು ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಗ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಪ್ರಲಾಪ ಎತ್ತಿಕೊಂಡರು. ಮಗನನ್ನು ಕಳೆದುಕೊಂಡ ಮಾತೆ ಮರಿಯಮ್ಮ ಅಳುವ ಹಾಡು ಅದು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಒಂದು ಸಾಲು, ಆಮೇಲೆ ಇಡೀ ದೇವಾಲಯ. ಮೈಕ್ ಇಲ್ಲ, ಕೀಬೋರ್ಡ್ ಇಲ್ಲ, ಯಾರ ಕೈಯಲ್ಲೂ ಪುಸ್ತಕ ಇಲ್ಲ. ಗೋಡೆ ನಡುಗುವ ಹಾಗೆ ಹಾಡಿದರು.

ನನ್ನ ಕೈಯಲ್ಲಿದ್ದ ವೈರ್ ಹಾಗೇ ನಿಂತಿತು. ಹನ್ನೆರಡು ವರ್ಷದಿಂದ ಈ ಗಾನವೃಂದ ನಡೆಸುತ್ತಿದ್ದೇನೆ. ಮೈಸೂರು ಕಡೆಯ ಚಿಕ್ಕ ಧರ್ಮಕೇಂದ್ರ ನಮ್ಮದು. "ನಮ್ಮ ಜನ ಬಾಯಿ ಬಿಡಲ್ಲ ಫಾದರ್" ಅಂತ ಎಷ್ಟೋ ಸಲ ದೂರು ಹೇಳಿದ್ದೆ. ಬಾಯಿ ಬಿಡದೆ ಇದ್ದದ್ದು ನಾವು ಹಾಡುವಾಗ ಮಾತ್ರ ಅಂತ ಅವತ್ತು ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ತಪಸ್ಸುಕಾಲಕ್ಕೆ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಕ್ಕೆ, ಬೇರೆ ಥರ ಮಾಡಬೇಕು ಅಂತ ಆಗಲೇ ತೀರ್ಮಾನಿಸಿದ್ದೆ. ಅದಕ್ಕೆ ನಮ್ಮ ಕಥೋಲಿಕ ಧರ್ಮಸಭೆಯ ನಿಯಮವೇ ದಾರಿ ಕೊಡುತ್ತದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳಲ್ಲಿ 313ನೇ ಕಂಡಿಕೆ ಓದಿ ನೋಡಿ. ತಪಸ್ಸುಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ನಾಲ್ಕನೇ ಭಾನುವಾರಕ್ಕೆ, ಮಹೋತ್ಸವಗಳಿಗೆ, ಹಬ್ಬಗಳಿಗೆ ಮಾತ್ರ ವಿನಾಯಿತಿ. ಪೀಠಕ್ಕೆ ಹೂವಿಲ್ಲ. ದೇವರನ್ನು ಕೊಂಡಾಡುವ ಮಹಿಮಾಗೀತೆ (ಗ್ಲೋರಿಯ) ಇಲ್ಲ. ಅಲ್ಲೆಲೂಯ ಅನ್ನುವ ಸಂತೋಷದ ಸ್ತುತಿಯಂತೂ ಪಾಸ್ಖ ಜಾಗರಣೆಯವರೆಗೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಆರಾಧನೆಯವರೆಗೆ, ಬಾಯಲ್ಲಿ ಬರುವ ಹಾಗಿಲ್ಲ. ನಾವು ಇದನ್ನೆಲ್ಲ ಪಾಲಿಸುತ್ತಿದ್ದೆವು, ನಿಜ. ಆದರೆ ಕೀಬೋರ್ಡಿನ ರಿದಂ ಮಾತ್ರ ಹಾಗೇ ಓಡುತ್ತಿತ್ತು. ಹಾಡಿನ ನಡುವೆ ಉದ್ದುದ್ದ ಮ್ಯೂಸಿಕ್ ಕೂಡ ಇರುತ್ತಿತ್ತು. ಹಾಡು ದುಃಖದ್ದಾದರೆ ಸಾಕು, ತಪಸ್ಸುಕಾಲ ಆಯಿತು ಅಂದುಕೊಂಡಿದ್ದೆವು.

2025ರ ಫೆಬ್ರವರಿಯಲ್ಲಿ ಫಾದರ್ ಹತ್ತಿರ ಹೋಗಿ ಕೇಳಿದೆ. ನಿಯಮ ಹೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕೀಬೋರ್ಡನ್ನೇ ಮುಚ್ಚಿಡೋಣವಾ? ಅವರು ಸ್ವಲ್ಪ ಹೊತ್ತು ಯೋಚಿಸಿ, "ಹುಡುಗರನ್ನ ಕೇಳಮ್ಮ ಮೊದಲು. ಅವರ ಮನಸ್ಸು ನೋಯಬಾರದು" ಅಂದರು. ಒಳ್ಳೆಯ ಮಾತು. ಕೀಬೋರ್ಡ್ ನುಡಿಸುವ ಹುಡುಗನಿಗೆ ನಿಜವಾಗಿಯೂ ಬೇಜಾರಾಯಿತು. "ನಾನು ಏನು ಮಾಡಲಿ ಅಕ್ಕಾ, ಸುಮ್ನೆ ಕೂರಲಾ?" ಅಂದ. ಸುಮ್ನೆ ಕೂರುವುದು ಬೇಡ, ಎಲ್ಲಾ ಹಾಡಿನ ಸ್ಕೇಲ್ ನೋಡಿಕೊಡು ಅಂದೆ. ಆ ಕೆಲಸವೇ ದೊಡ್ಡದಾಯಿತು.

ಹಾಡುಗಳನ್ನು ನಾವು ನಮ್ಮ ಗಂಟಲಿಗೆ ತಕ್ಕ ಹಾಗೆ ಇಟ್ಟುಕೊಂಡಿದ್ದೆವು. ಇಬ್ಬರು ಹುಡುಗಿಯರ ದನಿ ಚೆನ್ನಾಗಿ ಮೇಲೆ ಹೋಗುತ್ತದೆ. ಕೇಳುವುದಕ್ಕೆ ಬಹಳ ಚಂದ. ಆದರೆ ಬೆಳಿಗ್ಗೆ ಏಳು ಗಂಟೆಗೆ, ಆಗಷ್ಟೇ ಎದ್ದು ಬಂದ ಐವತ್ತು ವರ್ಷದ ಗಂಡಸು ಆ ಸ್ವರ ಮುಟ್ಟುವುದು ಹೇಗೆ? ಅವನು ಒಂದು ಸಲ ಪ್ರಯತ್ನಿಸುತ್ತಾನೆ, ದನಿ ಒಡೆಯುತ್ತದೆ, ಪಕ್ಕದವರು ನೋಡುತ್ತಾರೆ. ಮುಂದಿನ ವಾರ ಅವನು ಬಾಯಿ ತೆಗೆಯುವುದಿಲ್ಲ. ಅಜ್ಜಿಯ ಪ್ರಲಾಪವನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಹುಡುಗ ಅದನ್ನು ಕೀಬೋರ್ಡಿನಲ್ಲಿ ಹುಡುಕಿದ. ಎ ಮತ್ತು ಬಿ ಫ್ಲಾಟ್ ನಡುವೆ ಎಲ್ಲೋ ಇತ್ತು ಅವರ ಶ್ರುತಿ. ಹಾಡು ಪೂರ್ತಿ ಐದು ಸ್ವರದೊಳಗೇ ತಿರುಗುತ್ತಿತ್ತು. ಅದನ್ನೇ ಅಳತೆಗೋಲು ಮಾಡಿಕೊಂಡೆವು. ಎಲ್ಲಾ ಹಾಡನ್ನೂ ಎರಡು ಮೂರು ಸ್ವರ ಇಳಿಸಿದೆವು. ತೀರಾ ಮೇಲೆ ಹೋಗುವ ಏಳು ಹಾಡುಗಳನ್ನು ಈ ಕಾಲಕ್ಕೆ ಬಿಟ್ಟೇ ಬಿಟ್ಟೆವು. ಉಳಿದದ್ದು ಹದಿನಾಲ್ಕು. ಆರು ಭಾನುವಾರಕ್ಕೂ ಇವೇ ಸಾಕು, ಹೊಸ ಹಾಡು ಬೇಡ ಅಂದೆ. ಒಂದೇ ಪ್ರವೇಶ ಗೀತೆಯನ್ನು ಆರು ವಾರ ಹಾಡಿದರೆ ಬೇಸರ ಅಲ್ವಾ ಅಂತ ಕೇಳಿದವರಿದ್ದಾರೆ. ನಮಗೆ ಬೇಸರ ಆಗಬಹುದು. ಜನರಿಗೆ ಮೂರನೇ ವಾರಕ್ಕೆ ಅದು ಬಾಯಿಗೆ ಬರುತ್ತದೆ.

ಇನ್ನೊಂದು ಬದಲಾವಣೆ ಕೂರುವ ಜಾಗದ್ದು. ನಾವು ಪೀಠದ ಬಲಗಡೆ, ಎರಡು ಮೈಕ್ ಇಟ್ಟುಕೊಂಡು ಕೂರುತ್ತಿದ್ದೆವು. ಅಲ್ಲಿ ಹದಿನಾರು ಜನ ಒಟ್ಟಿಗೆ ಹಾಡಿದರೆ, ಹಿಂದಿನ ಬೆಂಚಿನವರಿಗೆ ತಮ್ಮ ದನಿ ಬೇಕಾಗಿಲ್ಲ ಅನ್ನಿಸುವುದು ಸಹಜ. ಈ ಸಲ ಇಬ್ಬಿಬ್ಬರಾಗಿ ಬೆಂಚುಗಳ ಮಧ್ಯೆ ಹರಡಿಕೊಂಡೆವು. ಹಿಂಬಾಗಿಲ ಹತ್ತಿರ ನಿಲ್ಲುವ ಗಂಡಸರ ಗುಂಪಿಗೆ ಗಟ್ಟಿ ದನಿಯ ಇಬ್ಬರು ಹುಡುಗರನ್ನು ಬಿಟ್ಟೆ. ಮೈಕ್ ಮುಂದೆ ಒಬ್ಬರೇ, ಬೈಬಲ್ಲಿನ ಕೀರ್ತನೆ ಹಾಡುವವರು. ಜನರ ಸರದಿ ಬಂದಾಗ ಅವರು ಮೈಕಿನಿಂದ ಹಿಂದೆ ಸರಿಯಬೇಕು. ಇದು ಚಿಕ್ಕ ವಿಷಯ ಅನ್ನಿಸುತ್ತದೆ. ಆದರೆ ಹಿಂದೆ ಸರಿಯದಿದ್ದರೆ ಏನೂ ನಡೆಯುವುದಿಲ್ಲ.

ಪೂಜೆ ಶುರುವಾಗುವ ಹತ್ತು ನಿಮಿಷ ಮುಂಚೆ ನಾನು ಮುಂದೆ ನಿಂತು ಆ ದಿನದ ಕೀರ್ತನೆಯ ಪಲ್ಲವಿ ಹೇಳಿಕೊಡುತ್ತಿದ್ದೆ. ಮೊದಲು ಮಾತಿನಲ್ಲಿ, ಆಮೇಲೆ ರಾಗದಲ್ಲಿ ಎರಡು ಸಲ, ಅಷ್ಟೇ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ 51ನೇ ಕೀರ್ತನೆಗೆ ನಾನೇ ನಾಲ್ಕು ಸ್ವರದ ಒಂದು ಮಟ್ಟು ಹಾಕಿದ್ದೆ. ಮಾರ್ಚ್ 5ರ ಆ ಬೆಳಿಗ್ಗೆ, ಹೋದ ವರ್ಷದ ಗರಿ ಭಾನುವಾರದ ಗರಿ ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಸಾಲು ಸಾಗುವಷ್ಟು ಹೊತ್ತೂ ಅದೊಂದೇ ಪಲ್ಲವಿ ಹಾಡಿದೆವು. ಚರಣಗಳನ್ನು ಒಬ್ಬರು, ಪಲ್ಲವಿಯನ್ನು ಎಲ್ಲರೂ. ಸಾಲಿನಲ್ಲಿ ನಡೆಯುವಾಗ ಪುಸ್ತಕ ಹಿಡಿಯಲು ಆಗಲ್ಲ. ಒಂದು ಸಾಲಿನ ಹಾಡನ್ನು ಮಾತ್ರ ಜನ ನಡೆಯುತ್ತಾ ಹಾಡಬಲ್ಲರು.

ಮೊದಲ ಭಾನುವಾರ ಚೆನ್ನಾಗಿ ಆಗಲಿಲ್ಲ. ಮೌನ ಜನರಿಗೆ ಕಸಿವಿಸಿ ತಂದಿತು. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡುವಾಗಿನ ಹಾಡು ಮುಗಿದ ಮೇಲೆ ಎರಡು ನಿಮಿಷ ಏನೂ ಹಾಡಬಾರದು ಅಂತ ತೀರ್ಮಾನಿಸಿದ್ದೆವು. ಜನ ತಿರುಗಿ ತಿರುಗಿ ನಮ್ಮನ್ನು ನೋಡಿದರು, ಹಾಡು ಮರೆತುಹೋಯಿತೇನೋ ಅಂತ. ಬೈಬಲ್ಲಿನ ಶುಭಸಂದೇಶ ಓದುವುದಕ್ಕೆ ಮುಂಚೆ ನಮ್ಮ ಹುಡುಗಿಯೊಬ್ಬಳು ರೂಢಿಯ ಮೇಲೆ ಅಲ್ಲೆಲೂಯ ಎತ್ತಿ, ಅರ್ಧಕ್ಕೆ ನಿಲ್ಲಿಸಿ, ಅತ್ತೇ ಬಿಟ್ಟಳು. ಪೂಜೆ ಮುಗಿದ ಮೇಲೆ ಇಬ್ಬರು ಹಿರಿಯರು ಬಂದು "ಈ ಸಲ ದೇವಾಲಯ ಬರಿದಾಗಿದೆ ಕಣಮ್ಮ" ಅಂದರು. ತಪಸ್ಸುಕಾಲ ಅಂದರೆ ಬರಿದಾಗುವುದೇ ಅಂತ ನನಗೆ ಹೇಳಲು ಧೈರ್ಯ ಬರಲಿಲ್ಲ. ಇನ್ನೆರಡು ವಾರ ನೋಡೋಣ ಅಂದೆ.

ಶುಕ್ರವಾರಗಳ ಶಿಲುಬೆಯ ಹಾದಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ ಅದು. ನಾವು ವಲಯ ವಲಯಕ್ಕೆ ಹೋಗುತ್ತೇವೆ. ಹದಿನಾಲ್ಕು ಮನೆ, ಹದಿನಾಲ್ಕು ಸ್ಥಳ. ಪ್ರತಿ ಮನೆಯ ಮುಂದೆ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ, ಶಿಲುಬೆ ಇಟ್ಟು, ಮೇಣದಬತ್ತಿ ಹಚ್ಚಿರುತ್ತಾರೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾಡುತ್ತಾ ನಡೆಯಬೇಕು. ಮೊದಲೆಲ್ಲ ನಾವು ಮುಂದೆ ಶಿಲುಬೆಯ ಜೊತೆ ಹೋಗುತ್ತಿದ್ದೆವು. ಮುಂದಿನವರು ಚರಣ ಮುಗಿಸಿದರೆ ಹಿಂದಿನವರು ಇನ್ನೂ ಪಲ್ಲವಿಯಲ್ಲೇ ಇರುತ್ತಿದ್ದರು. ದನಿ ಎರಡಾಗಿ ಒಡೆದುಹೋಗುತ್ತಿತ್ತು. ಈ ಸಲ ನಾನು ಮೆರವಣಿಗೆಯ ನಡುವೆ ನಡೆದೆ. ಹಾಡಿನ ವೇಗಕ್ಕೆ ಅಳತೆ ಯಾರು ಗೊತ್ತಾ? ಕೋಲು ಹಿಡಿದು ನಡೆಯುವ ಒಬ್ಬ ತಾತ. ಅವರ ಹೆಜ್ಜೆ ನೋಡಿಕೊಂಡು ಹಾಡಿದೆವು. ಅಷ್ಟು ನಿಧಾನ ಹಾಡಿದಾಗ ಹಾಡಿನ ಮಾತುಗಳು ನನಗೇ ಹೊಸದಾಗಿ ಕೇಳಿಸಿದವು.

ಅದು ರಂಜಾನ್ ತಿಂಗಳೂ ಆಗಿತ್ತು. ಮಸೀದಿ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಸಂಜೆಯ ಆಜಾನ್ ಶುರುವಾಯಿತು. ಫಾದರ್ ಕೈ ಎತ್ತಿದರು. ನಾವೆಲ್ಲ ನಿಂತೆವು. ಅದು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯವರು ನಮ್ಮ ಮಕ್ಕಳಿಗೆ ಖರ್ಜೂರ ಕೊಟ್ಟರು.

ಈಗ ನಾಲ್ಕನೇ ಭಾನುವಾರದ ವಿಷಯ. ಮಾರ್ಚ್ 30. ಆ ದಿನ ಫಾದರ್ ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ, ತಪಸ್ಸಿನ ನಡುವೆ ಒಂದಿಷ್ಟು ಆನಂದದ ದಿನ ಅದು. ವಾದ್ಯಗಳಿಗೂ ಅನುಮತಿ ಇದೆ. ಆ ವರ್ಷ ಅದೇ ದಿನ ಯುಗಾದಿ ಬೇರೆ. ಅಕ್ಕಪಕ್ಕದವರು ಕೊಟ್ಟ ಬೇವು ಬೆಲ್ಲ ತಿಂದೇ ಎಷ್ಟೋ ಜನ ದೇವಾಲಯಕ್ಕೆ ಬಂದಿದ್ದರು. ಓದಿದ ಶುಭಸಂದೇಶ ಮನೆ ಬಿಟ್ಟು ಹೋದ ಮಗ ಹಿಂದಿರುಗುವ ಕಥೆ. ಕೀಬೋರ್ಡ್ ತೆಗೆಯೋಣ ಅಂದೆ. ಹುಡುಗ ಬಹಳ ಖುಷಿಯಿಂದ ನುಡಿಸಿದ, ಚೆನ್ನಾಗಿಯೂ ನುಡಿಸಿದ.

ಜನ ಮತ್ತೆ ಸುಮ್ಮನಾದರು. ಹಿಂದಿನ ಭಾನುವಾರ ನನ್ನ ಪಕ್ಕದಲ್ಲಿ ಗಟ್ಟಿಯಾಗಿ ಹಾಡಿದ್ದ ಹೆಂಗಸು, ಕೀಬೋರ್ಡ್ ಶುರುವಾದ ಕೂಡಲೇ ಕೈಕಟ್ಟಿ ಕೇಳುತ್ತಾ ನಿಂತರು. ಮುಖದಲ್ಲಿ ಸಂತೋಷ ಇತ್ತು. ಕೇಳುವುದೂ ಪ್ರಾರ್ಥನೆಯೇ, ಅದನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೂ ವಾದ್ಯ ಬಂದರೆ ಕೇಳಬೇಕು, ಇಲ್ಲದಿದ್ದರೆ ಹಾಡಬೇಕು ಅಂತ ನಾವೇ ಇಷ್ಟು ವರ್ಷ ಅವರಿಗೆ ಕಲಿಸಿದ್ದೆವಲ್ಲ. ಪೂಜೆ ಮುಗಿದ ಮೇಲೆ ಹುಡುಗನೇ ಬಂದು ಹೇಳಿದ. "ಅಕ್ಕಾ, ನನಗೆ ಅವರ ದನಿ ಕೇಳಿಸಲಿಲ್ಲ. ಈಸ್ಟರ್‌ಗೆ ನಾನು ಬರೀ ಶ್ರುತಿ ಹಿಡೀತೀನಿ, ಜನ ಹಾಡುವಾಗ ರಾಗ ನುಡಿಸಲ್ಲ." ಆ ಮಾತು ಕೇಳಿ ನನಗೆ ಕಣ್ಣು ತುಂಬಿತು.

ಐದನೇ ಭಾನುವಾರ, ಏಪ್ರಿಲ್ 6, 126ನೇ ಕೀರ್ತನೆ. ಅಳುತ್ತಾ ಬಿತ್ತಿದವರು ನಗುತ್ತಾ ಕೊಯ್ಯುತ್ತಾರೆ ಅನ್ನುವ ಅರ್ಥದ್ದು. ನಮ್ಮಲ್ಲಿ ಅರ್ಧದಷ್ಟು ಮನೆಗಳು ಬೇಸಾಯದವು. ಹಿಂಬಾಗಿಲ ಗಂಡಸರು ಅವತ್ತು ಹಾಡಿದರು. ಪರಮಪ್ರಸಾದದ ನಂತರದ ಮೌನದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಬಗ್ಗೆ ಎರಡು ಮಾತು. ಗುರುವಾರ ಮಹಿಮಾಗೀತೆಗೆ ಗಂಟೆಗಳೆಲ್ಲ ಮೊಳಗುತ್ತವೆ, ಆಮೇಲೆ ಶನಿವಾರ ರಾತ್ರಿಯವರೆಗೆ ಅವೂ ಮೌನ. ಪರಮಪ್ರಸಾದದ ಮೆರವಣಿಗೆಯಲ್ಲಿ ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಬರೆದ ಲ್ಯಾಟಿನ್ ಗೀತೆಯನ್ನು ನಾವು ಕನ್ನಡದಲ್ಲಿ ಹಾಡುತ್ತೇವೆ. ಪ್ರಲಾಪದ ಅದೇ ಅಜ್ಜಿ ಕೊನೆಯ ಎರಡು ಚರಣವನ್ನು ಲ್ಯಾಟಿನ್‌ನಲ್ಲೇ ಹಾಡಿದರು. ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬರಲು ದಾರಿ ಮಾಡಿದ ಎರಡನೇ ವ್ಯಾಟಿಕನ್ ಸಭೆಗೆ ಮುಂಚೆ, ಹುಡುಗಿಯಾಗಿದ್ದಾಗ ಬಾಯಿಪಾಠ ಮಾಡಿದ್ದಂತೆ.

ಶುಕ್ರವಾರ ವಾದ್ಯವಿಲ್ಲದೆ ಶುರು ಮಾಡುವಾಗ ಶ್ರುತಿ ತಪ್ಪುವ ಭಯ ದೊಡ್ಡದು. ಹಿಂದೊಮ್ಮೆ ನಾನು ತೀರಾ ಮೇಲೆ ಎತ್ತಿಕೊಂಡು, ಮೂರನೇ ಚರಣಕ್ಕೆ ಎಲ್ಲರ ದನಿಯೂ ಕಟ್ಟಿಹೋಗಿತ್ತು. ಈ ಸಲ ಫೋನಿನ ತಂಬೂರಿ ಆ್ಯಪನ್ನು ಒಂದು ಕಿವಿಗೆ ಹಾಕಿಕೊಂಡು, ಪ್ರತಿ ಹಾಡಿಗೂ ಮುಂಚೆ ಹತ್ತು ಸೆಕೆಂಡ್ ಕೇಳಿದೆ. ಯೊವಾನ್ನನ ಶುಭಸಂದೇಶದಲ್ಲಿರುವ ಯೇಸುವಿನ ಪಾಡುಗಳ ಕಥೆಯನ್ನು ಮೂವರು ಓದಿದರು, ಗುಂಪಿನ ಮಾತು ಜನರದ್ದು. "ಶಿಲುಬೆಗೆ ಏರಿಸಿ" ಅಂತ ಎಲ್ಲರೂ ಕೂಗುವಾಗ ಅಜ್ಜಿ ಮಾತ್ರ ಬಾಯಿ ಮುಚ್ಚಿ ನಿಂತಿದ್ದರು. ಆಮೇಲೆ ಕೇಳಿದ್ದಕ್ಕೆ, "ಆ ಮಾತು ನನ್ನ ಬಾಯಲ್ಲಿ ಬರಲ್ಲ ಮಗಾ" ಅಂದರು. ಸಂಜೆ ಗಂಜಿ, ಹುರುಳಿಕಾಳಿನ ಚಟ್ನಿ ಬಡಿಸುವವರೆಗೂ ಪ್ರಲಾಪ ನಡೆಯಿತು. ಈ ಸಲ ನಮ್ಮ ಹುಡುಗಿಯರು ಅವರ ಕಾಲಬಳಿ ಕೂತು, ಅವರ ಶ್ರುತಿಯಲ್ಲೇ ಹಾಡಿದರು.

ಜಾಗರಣೆಯ ರಾತ್ರಿ ಅಲ್ಲೆಲೂಯವನ್ನು ಗುರುಗಳು ಮೂರು ಸಲ ಎತ್ತಬೇಕು, ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ. ಕೆಳಗಿನಿಂದಲೇ ಶುರು ಮಾಡಿ ಫಾದರ್ ಅಂತ ಮೊದಲೇ ಕೇಳಿಕೊಂಡಿದ್ದೆ. ಮೂರನೆಯದಕ್ಕೂ ಜನರ ದನಿ ಉಳಿಯಿತು. ಹುಡುಗ ಶ್ರುತಿ ಮಾತ್ರ ಹಿಡಿದಿದ್ದ.

ಏಪ್ರಿಲ್ 21, ಈಸ್ಟರ್ ಮರುದಿನ ಸೋಮವಾರ, ಮಧ್ಯಾಹ್ನ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಸಂಜೆ ಪ್ರಾರ್ಥನೆ ಇದೆ ಅಂತ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದರು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ತಡವಾಗಿತ್ತು. ಗಾನವೃಂದದ ಯಾರಿಗೂ ಹೇಳಿರಲಿಲ್ಲ, ಕೀಬೋರ್ಡಿನ ಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. ಗೇಟಿನ ಹತ್ತಿರವೇ ಹಾಡು ಕೇಳಿಸಿತು. ಈಸ್ಟರ್‌ನ ಅಲ್ಲೆಲೂಯ. ಬಾಗಿಲಲ್ಲಿ ಒಬ್ಬ ಹುಡುಗ ನನ್ನ ಕೈ ಎಳೆದು, "ಅಕ್ಕಾ, ಸಾವಿನ ದಿನ ಇದನ್ನ ಹಾಡಬಹುದಾ?" ಅಂತ ಕೇಳಿದ. ಹಾಡಬಹುದು ಕಣೋ, ಈಸ್ಟರ್‌ನ ಎಂಟು ದಿನ ಇದೇ ಹಾಡು ಅಂದೆ.

ಒಳಗೆ ಹೋಗಿ ಹಿಂಬಾಗಿಲ ಗಂಡಸರ ಪಕ್ಕ ನಿಂತು ನಾನೂ ಸೇರಿಕೊಂಡೆ. ಯಾರು ಎತ್ತಿಕೊಂಡರು ಅಂತ ಆಮೇಲೆ ಮೂರು ನಾಲ್ಕು ಜನರನ್ನು ಕೇಳಿದೆ. ಯಾರಿಗೂ ನೆನಪಿರಲಿಲ್ಲ.