ಹಾಡಿನ ಬಿಪಿಎಂ ಹಿಡಿಯುವುದು: ಮೊದಲು ಕಾಲು, ಆಮೇಲೆ ಲ್ಯಾಪ್‌ಟಾಪ್

ಎರಡು ಹಾಡು ಮಿಕ್ಸ್ ಮಾಡಬೇಕಾದರೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು ಗೊತ್ತಿರಬೇಕು. ಸಾಫ್ಟ್‌ವೇರ್ ಹೇಳುತ್ತದೆ, ನಿಜ. ಆದರೆ ಅದು ತಪ್ಪಿದಾಗ ಹಿಡಿಯಬೇಕಾದವರು ನೀವೇ ಅಲ್ವಾ?

ಹಾಡು ಹಾಕಿ, ಕಾಲು ತಾನಾಗಿ ನೆಲ ತಟ್ಟುವವರೆಗೂ ಸುಮ್ನೆ ಕೇಳಿ. ಕಿಕ್ ಡ್ರಮ್‌ನ ದಪ್ಪ ಸದ್ದನ್ನು ಹಿಡಿಯಿರಿ, ಗಾಯಕರ ಹಿಂದೆ ಹೋಗಬೇಡಿ. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ಒಂದೇ ಒಂದು ಬೀಟ್ ತಪ್ಪಿದರೂ 4 ಬಿಪಿಎಂ ವ್ಯತ್ಯಾಸ ಬರುತ್ತದೆ, ಮಿಕ್ಸಿಗೆ ಅದು ತುಂಬಾ ಜಾಸ್ತಿ. ನಾನು ಬೀಟ್ ಬಿದ್ದ ಕ್ಷಣಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿ 'ಸೊನ್ನೆ' ಅನ್ನುತ್ತೇನೆ, ಮುಂದಿನದು ಒಂದು, ಹೀಗೆ ಎಣಿಸುತ್ತಾ ಹೋಗಿ 64 ಬಿದ್ದಾಗ ನಿಲ್ಲಿಸುತ್ತೇನೆ. 3840ನ್ನು (64 ಬೀಟ್ × 60 ಸೆಕೆಂಡು) ಆ ಸೆಕೆಂಡುಗಳಿಂದ ಭಾಗಿಸಿದರೆ ಬಿಪಿಎಂ ಸಿಕ್ಕಿತು. 30 ಸೆಕೆಂಡು ಆದರೆ 128, 32 ಆದರೆ 120. 'ಒಂದು' ಅಂತ ಶುರು ಮಾಡಿದರೆ ಲೆಕ್ಕ ಜಾಸ್ತಿ ಬರುತ್ತದೆ, ನೆನಪಿಡಿ.

ಈಗ ಸೆರಾಟೊ, ವರ್ಚುವಲ್ ಡಿಜೆ, ಹೀಗೆ ಯಾವ ಡಿಜೆ ಸಾಫ್ಟ್‌ವೇರ್ ಇದೆಯೋ ಅದರ ಅಂಕಿಯ ಜೊತೆ ಹೋಲಿಸಿ. ಡ್ರಮ್ ಅಂಡ್ ಬೇಸ್ ಅನ್ನೋ ವೇಗದ ಎಲೆಕ್ಟ್ರಾನಿಕ್ ಶೈಲಿಯ ಹಾಡು 174 ಇದ್ದರೂ 87 ಅಂತ ತೋರಿಸುವುದುಂಟು. ಅದು ಸುಲಭ, ದುಪ್ಪಟ್ಟು ಮಾಡಿದರಾಯಿತು.

ಕಷ್ಟ ಇರುವುದು ನಮ್ಮ ತಮಟೆ ಹಾಡುಗಳಲ್ಲಿ. ಅಲ್ಲಿ ನಡೆ ಎಷ್ಟೋ ಸಲ 'ತಕಿಟ ತಕಿಟ', ಒಂದು ಬೀಟಿನೊಳಗೆ ಮೂರು ಪೆಟ್ಟು. ಕಾಲು ಬೀಳುವುದು 'ತ' ಮೇಲೆ, ನಿಮಿಷಕ್ಕೆ 100 ಸಲ ಅಂದುಕೊಳ್ಳಿ. ಸಾಫ್ಟ್‌ವೇರ್ ಎರಡೆರಡು ಪೆಟ್ಟು ಜೋಡಿಸಿಕೊಂಡು 150 ಅನ್ನುತ್ತದೆ. ಒಂದು ಮದುವೆಯಲ್ಲಿ ಆ 150 ನಂಬಿ ಇನ್ನೊಂದು 150ರ ಹಾಡು ಸೇರಿಸಿದೆ, ಕುಣಿಯುತ್ತಿದ್ದವರ ಹೆಜ್ಜೆ ಅಲ್ಲೇ ತಪ್ಪಿತು. ಇಂಥ ಹಾಡಿಗೆ ಸಾಫ್ಟ್‌ವೇರಿನಲ್ಲಿ ಟ್ಯಾಪ್ ಬಟನ್ ಹುಡುಕಿ, ಕಾಲಿನ ಲಯಕ್ಕೆ ನೀವೇ ತಟ್ಟಿ ಅಂಕಿ ಸರಿ ಮಾಡಿ.

ಹಳೆಯ ಸಿನಿಮಾ ಹಾಡುಗಳನ್ನು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ್ದು, ಅದಕ್ಕೇ ವೇಗ ಮಧ್ಯೆ ಸ್ವಲ್ಪ ಅಲುಗಾಡಬಹುದು. ಎಲ್ಲಿ ಮಿಕ್ಸ್ ಮಾಡುತ್ತೀರೋ ಆ ಜಾಗದಲ್ಲೇ ಅಳೆಯಿರಿ.

124ರ ಹಾಡನ್ನು 128ಕ್ಕೆ ತರಲು ಪಿಚ್ ಫೇಡರ್ (ಹಾಡಿನ ವೇಗ ಬದಲಿಸುವ ಜಾರುಗುಂಡಿ) ಸುಮಾರು 3.2% ಮೇಲೆ ಹೋಗಬೇಕು. ಆಮೇಲೆ ಹೆಡ್‌ಫೋನಲ್ಲಿ ಎರಡನ್ನೂ ಕೇಳಿ. ಕಿಕ್ 'ದಡ್-ದಡ್' ಅಂತ ಬೇರೆ ಬೇರೆ ಬಿದ್ದರೆ ಇನ್ನೂ ಕೂಡಿಲ್ಲ. ಒಂದೇ 'ಧಂ' ಆಗುವವರೆಗೂ ವಾಲ್ಯೂಮ್ ಫೇಡರ್ ಎತ್ತಬೇಡಿ.