ಸಿಬ್ಬಂದಿ ಬದಲಾದಾಗ ಕಚೇರಿಯ ಫೋನು, ಫ್ಯಾಕ್ಸ್ ವಹಿಸಿಕೊಳ್ಳುವ ಕ್ರಮ

ಗುಮಾಸ್ತರೊಬ್ಬರು ವರ್ಗವಾದಾಗ ಅಥವಾ ನಿವೃತ್ತರಾದಾಗ ಕಡತ, ಕೀಲಿಕೈ, ಮೊಹರುಗಳ ಪಟ್ಟಿ (ಚಾರ್ಜ್ ಪಟ್ಟಿ) ಮಾಡಿ ಸಹಿ ಪಡೆಯುತ್ತೇವೆ. ಮೇಜಿನ ಮೇಲಿನ ಫೋನು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಶಿರಸಿಯಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರು ಊಟದ ಹೊತ್ತಿಗೆಂದು ಕರೆಗಳನ್ನು ತಮ್ಮ ಮೊಬೈಲಿಗೆ ತಿರುಗಿಸಿಕೊಂಡಿದ್ದು, ಅದನ್ನು ರದ್ದುಪಡಿಸದೆಯೇ ಕೆಲಸ ಬಿಟ್ಟು ಹೋದರು. ಹನ್ನೊಂದು ದಿನ ಫೋನು ರಿಂಗಾಗಲಿಲ್ಲ. ರಿಸೀವರ್ ಎತ್ತಿದರೆ ಡಯಲ್ ಟೋನ್ ಸರಿಯಾಗಿಯೇ ಬರುತ್ತಿದ್ದುದರಿಂದ ದೂರು ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಮಂದವಾಗಿದೆ ಎಂದುಕೊಂಡೆವು. ಒಳಗಿನಿಂದ ಕರೆ ಹೋಗುತ್ತದೆ ಎಂಬುದಷ್ಟೇ ಸಾಲದು, ಹೊರಗಿನ ಫೋನಿನಿಂದ ಕರೆ ಮಾಡಿ ನೋಡಲೇಬೇಕು ಎಂಬುದನ್ನು ನಾನು ಅಂದು ಕಲಿತೆ.

ಹೊರಡುವವರು ಇನ್ನೂ ಕಚೇರಿಯಲ್ಲಿರುವಾಗಲೇ, ಕೊನೆಯ ದಿನಕ್ಕೆ ಒಂದು ವಾರ ಮೊದಲು, ಪ್ರತಿ ಸಂಪರ್ಕದ ಎದುರು ಅದು ಯಾರ ಹೆಸರಿನಲ್ಲಿದೆ, ಬಿಲ್ಲು ಎಲ್ಲಿಗೆ ಬರುತ್ತದೆ, ದೂರು ದಾಖಲಿಸಿದರೆ ಸಂದೇಶ ಯಾವ ಮೊಬೈಲಿಗೆ ಹೋಗುತ್ತದೆ ಎಂಬುದನ್ನು ಬರೆದಿಡಿ. ಹಳೆಯ ಸಂಪರ್ಕಗಳು ಎಷ್ಟೋ ಕಡೆ ಅಂದಿನ ವ್ಯವಸ್ಥಾಪಕರ ಸ್ವಂತ ಹೆಸರಿನಲ್ಲೇ ಉಳಿದಿರುತ್ತವೆ. ಅವರು ಎದುರಿಗಿದ್ದಾಗ ಹೆಸರು ಬದಲಾವಣೆಯ ಅರ್ಜಿಗೆ ಸಹಿ ಪಡೆಯಲು ಐದು ನಿಮಿಷ ಸಾಕು, ಊರು ಬಿಟ್ಟ ಮೇಲೆ ಅದೇ ಸಹಿಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಬ್ಯಾಂಕ್, ಜಿಎಸ್‌ಟಿ, ಹೆಸ್ಕಾಂ ಖಾತೆಗಳಲ್ಲಿ ಹೊರಡುವವರ ಮೊಬೈಲ್ ನೋಂದಣಿಯಾಗಿದ್ದರೆ ಅದನ್ನೂ ಆಗಲೇ ಬದಲಿಸಿ. ರದ್ದಾದ ಮೊಬೈಲ್ ಸಂಖ್ಯೆಯನ್ನು 90 ದಿನಗಳ ಬಳಿಕ ಬೇರೆ ಗ್ರಾಹಕರಿಗೆ ಕೊಡಬಹುದಾದ್ದರಿಂದ ನಿಮ್ಮ ಒಟಿಪಿ ಅಪರಿಚಿತರ ಕೈ ಸೇರುವ ಅಪಾಯವಿದೆ.

ಫ್ಯಾಕ್ಸ್ ಯಂತ್ರಕ್ಕೆ ಹೆಚ್ಚು ಗಮನ ಬೇಕು. ಪ್ರತಿ ಪುಟದ ನೆತ್ತಿಯ ಮೇಲೆ ಕಳುಹಿಸುವವರ ಹೆಸರು, ಸಂಖ್ಯೆ, ದಿನಾಂಕ, ಸಮಯ ಅಚ್ಚಾಗುತ್ತವೆ. ಅಲ್ಲಿ ಹಳೆಯ ಅಧಿಕಾರಿಯ ಹೆಸರಿದ್ದರೆ ತೆಗೆಯಿರಿ, ಕರೆಂಟು ಹೋಗಿ ಬಂದಾಗ ಗಡಿಯಾರ ತಪ್ಪಿದ್ದರೆ ಸರಿಪಡಿಸಿ, ಏಕೆಂದರೆ ಟೆಂಡರಿನಂಥ ಕೆಲಸಗಳಲ್ಲಿ ಆ ಒಂದು ಸಾಲಿನ ಮೇಲೆಯೇ ತಕರಾರು ಏಳುತ್ತದೆ. ಥರ್ಮಲ್ ಕಾಗದದಲ್ಲಿ ಬಂದ ಹಳೆಯ ಪತ್ರಗಳ ಅಕ್ಷರ ಮಾಸುವುದರಿಂದ ಮುಖ್ಯವಾದವುಗಳ ಜೆರಾಕ್ಸ್ ತೆಗೆಸಿ ಕಡತಕ್ಕೆ ಸೇರಿಸಬೇಕು. ಸಾದಾ ಕಾಗದದ ಯಂತ್ರಕ್ಕೆ ಕಪ್ಪು ಫಿಲ್ಮ್ ರೋಲ್ ಹಾಕುವಂತಿದ್ದರೆ, ಬಳಸಿದ ರೋಲನ್ನು ಒಮ್ಮೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಬಂದ ಪ್ರತಿ ಪತ್ರದ ಪ್ರತಿ ಅಕ್ಷರವೂ ಅದರಲ್ಲಿ ಬಿಳಿಯಾಗಿ ಮೂಡಿರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕದೆ ಸಣ್ಣದಾಗಿ ಕತ್ತರಿಸಿ ವಿಲೇವಾರಿ ಮಾಡಬೇಕು.

ತಾಮ್ರದ ತಂತಿಯ ಬದಲು ಫೈಬರ್ ಬಂದಿರುವ ಕಡೆ ಹೊಸಬರಿಗೆ ಎರಡು ಮಾತು ಹೇಳಿಕೊಡಿ. ಹಿಂದೆ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಈಗ ಗೋಡೆಯ ಮೇಲಿನ ಮೋಡೆಮ್ ಆರಿದರೆ ಫೋನೂ ಸತ್ತಂತೆ. ಆಷಾಢದ ಗಾಳಿಮಳೆಗೆ ದಿನವಿಡೀ ಕರೆಂಟು ಇಲ್ಲದಿರುವ ನಮ್ಮ ಕಡೆ ಅದನ್ನು ಇನ್ವರ್ಟರಿಗೆ ಜೋಡಿಸುವುದು ಅಗತ್ಯ. ಫೈಬರಿನಲ್ಲಿ ಫ್ಯಾಕ್ಸ್ ಅರ್ಧಕ್ಕೇ ತುಂಡಾಗುತ್ತಿದ್ದರೆ ಯಂತ್ರದ ವೇಗವನ್ನು ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿ ನೋಡಿ.

ಯಂತ್ರದ ನೆನಪಿನಲ್ಲಿರುವ ಸಂಖ್ಯೆಗಳನ್ನು ಎಸ್‌ಟಿಡಿ ಕೋಡ್ ಸಹಿತ (ಕಾರವಾರ 08382, ಶಿರಸಿ 08384, ಕುಮಟಾ 08386) ಕಾಗದದ ಮೇಲೂ ಬರೆದಿಡಿ. ಹೊಸಬರು ಬಂದ ಮೊದಲ ಬೆಳಿಗ್ಗೆ ಅವರ ಕೈಯಿಂದಲೇ ಕಾರವಾರದ ಕಚೇರಿಗೆ ಒಂದು ಪುಟ ಕಳುಹಿಸಿ, ಅಲ್ಲಿಂದ ಒಂದು ಪುಟ ತರಿಸಿ, ಯಂತ್ರ ಕೊಡುವ ವರದಿ ಚೀಟಿಯನ್ನು ಚಾರ್ಜ್ ಪಟ್ಟಿಗೆ ಪಿನ್ನು ಹಾಕಿದ ಮೇಲೆಯೇ ಹಳಬರ ಬಿಡುಗಡೆ ಪತ್ರಕ್ಕೆ ಸಹಿ ಮಾಡಿ.