ವಿಂಡೋಸ್ ಅಪ್‌ಡೇಟ್: ಯಾವುದು ತಾನಾಗಿ ಆಗಲಿ, ಯಾವುದು ಕಣ್ಣಿಗೆ ಕಾಣಲಿ

ಮನೆಯ ಹಿರಿಯರಿಗೋ ಶಾಲೆಯ ಕಚೇರಿಗೋ ವಿಂಡೋಸ್ 11 ಕಂಪ್ಯೂಟರನ್ನು ಸಿದ್ಧಪಡಿಸಿಕೊಡುವವರು, ಅಪ್‌ಡೇಟ್‌ಗಳ ಬಗ್ಗೆ ಬಳಕೆದಾರರನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಭದ್ರತಾ ಅಪ್‌ಡೇಟ್‌ಗಳು ಯಾರ ಅಪ್ಪಣೆಗೂ ಕಾಯದೆ ಅಳವಡಿಕೆಯಾಗಬೇಕು. ಕಂಪ್ಯೂಟರ್ ಯಾವಾಗ ರೀಸ್ಟಾರ್ಟ್ ಆಗುತ್ತದೆ, ಅದರಲ್ಲಿ ಏನು ಬದಲಾಗಿದೆ ಎಂಬುದು ಮಾತ್ರ ಬಳಸುವವರಿಗೆ ತಿಳಿಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಗಂಭೀರ ಲೋಪವನ್ನು ಸರಿಪಡಿಸಿತ್ತು. ಆದರೂ ಆ ತಿದ್ದುಪಡಿಯನ್ನು ಹಾಕಿಕೊಳ್ಳದೆ ಉಳಿದಿದ್ದ ಯಂತ್ರಗಳಿಗೆ ಮೇ 12ರಂದು ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ನುಗ್ಗಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೂ ಅಸ್ತವ್ಯಸ್ತಗೊಳಿಸಿತು. ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳುವಂತೆಯೂ ಇಲ್ಲ: 2018ರ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಕಂಪನಿ ಅದರ ವಿತರಣೆಯನ್ನು ತಡೆಹಿಡಿಯಬೇಕಾಯಿತು. ಆದ್ದರಿಂದ ದೊಡ್ಡ ಆವೃತ್ತಿಗಳನ್ನು ಹಾಕುವ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲೋ ಬೇರೆ ಡಿಸ್ಕ್‌ನಲ್ಲೋ ಇಟ್ಟುಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಹೊಸದನ್ನು ಬಂದ ಕೂಡಲೇ ಪಡೆಯುವ ಸ್ವಿಚ್ಚನ್ನು ಆಫ್ ಮಾಡಿ. ಇದರಿಂದ ಭದ್ರತಾ ಅಪ್‌ಡೇಟ್‌ಗಳು ನಿಲ್ಲುವುದಿಲ್ಲ. ಬಳಿಕ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ, ರೀಸ್ಟಾರ್ಟ್ ಅಗತ್ಯವಾದಾಗ ಸೂಚನೆ ನೀಡುವ ಸ್ವಿಚ್ಚನ್ನು ಆನ್ ಮಾಡಿ. ಇದನ್ನು ಮರೆಯಬೇಡಿ, ಬರೆಯುತ್ತಿದ್ದ ಪತ್ರವನ್ನು ಉಳಿಸಿಕೊಳ್ಳಲು ಅವಕಾಶ ಕೊಡದ ಯಂತ್ರವನ್ನು ಯಾರೂ ನಂಬುವುದಿಲ್ಲ, ಒಮ್ಮೆ ನಂಬಿಕೆ ಹೋದರೆ ಅವರು ಅಪ್‌ಡೇಟನ್ನೇ ನಿಲ್ಲಿಸಿಬಿಡಲು ದಾರಿ ಹುಡುಕುತ್ತಾರೆ. ಅಲ್ಲಿಯೇ ಇರುವ ಆ್ಯಕ್ಟಿವ್ ಅವರ್ಸ್‌ನಲ್ಲಿ, ಅಂದರೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಬಾರದ ಅವಧಿಯಲ್ಲಿ, ಕೆಲಸದ ವೇಳೆಯನ್ನು ನೀವೇ ನಮೂದಿಸಿ. ಗರಿಷ್ಠ 18 ಗಂಟೆಗಳವರೆಗೆ ಅವಕಾಶವಿದೆ. ಮುಖ್ಯ ಭದ್ರತಾ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ, ಭಾರತದಲ್ಲಿ ರಾತ್ರಿಯಾಗಿರುವಾಗ, ಬಿಡುಗಡೆಯಾಗುತ್ತವೆ. ಆದಕಾರಣ ಆ ವಾರ ಕಂಪ್ಯೂಟರನ್ನು ಒಮ್ಮೆ ಬಿಡುವಿನ ವೇಳೆಯಲ್ಲಿ ರೀಸ್ಟಾರ್ಟ್ ಮಾಡುವಂತೆ ಬಳಸುವವರಿಗೆ ಹೇಳಿಡಿ.

ಪರೀಕ್ಷೆಯ ಅಂಕಗಳನ್ನು ನಮೂದಿಸುವಂಥ ಒತ್ತಡದ ದಿನಗಳಲ್ಲಿ ಅಪ್‌ಡೇಟ್‌ಗಳನ್ನು ತಾತ್ಕಾಲಿಕವಾಗಿ ತಡೆಯುವ ಪಾಸ್ (Pause) ಆಯ್ಕೆಯನ್ನು ಒಂದು ವಾರದ ಮಟ್ಟಿಗೆ ಬಳಸಬಹುದು. ಅದಕ್ಕಿಂತ ಹೆಚ್ಚು ಬೇಡ. ಕೊನೆಯಲ್ಲಿ ಅಪ್‌ಡೇಟ್ ಹಿಸ್ಟರಿ ಪುಟವನ್ನು ಬಳಸುವವರ ಎದುರಿಗೇ ತೆರೆದು ತೋರಿಸಿ. ಮರುದಿನ ಪ್ರಿಂಟರ್ ಕೆಲಸ ಮಾಡದಿದ್ದರೆ, ಹಿಂದಿನ ರಾತ್ರಿ ಏನು ಸೇರ್ಪಡೆಯಾಯಿತು ಎಂಬುದನ್ನು ಅವರು ಅದನ್ನು ನೋಡಿ ಫೋನಿನಲ್ಲೇ ನಿಮಗೆ ಓದಿ ಹೇಳಬಲ್ಲರು. ತೊಂದರೆ ಕೊಟ್ಟದ್ದನ್ನು ತೆಗೆದುಹಾಕುವ ಆಯ್ಕೆಯೂ ಅದೇ ಪುಟದಲ್ಲಿದೆ.